ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆ: ಬಿಲ್ಲಿನಲ್ಲಿ ಬರೆಯದ ಖರ್ಚುಗಳು

ಈದುಲ್ ಫಿತ್ರ್ ಕಳೆದು ಎರಡು ವಾರವಾಗಿತ್ತು. ಪುತ್ತೂರಿನ ನನ್ನ ಕ್ಲಿನಿಕ್‌ಗೆ ಕಡಬ ಕಡೆಯ ಒಬ್ಬರು ತಾಯಿ ತಮ್ಮ ಮಗಳನ್ನು ಕರೆದುಕೊಂಡು ಬಂದರು. ಮಗಳಿಗೆ 23 ವರ್ಷ, ನಿಕಾಹ್‌ಗೆ ಎರಡೂವರೆ ತಿಂಗಳು ಬಾಕಿ. ಹೇಳಿಕೊಳ್ಳುವಂಥ ಕಾಯಿಲೆ ಏನೂ ಇರಲಿಲ್ಲ. ತಾಯಿ ಮೊಬೈಲ್ ತೆಗೆದು ನನ್ನ ಮುಂದಿಟ್ಟರು. ಒಂದು ಜಾಹೀರಾತು. ಎಡಗಡೆ ದಪ್ಪ ಹೊಟ್ಟೆಯ ಚಿತ್ರ, ಬಲಗಡೆ ತೆಳ್ಳಗಿನ ಹೊಟ್ಟೆಯ ಚಿತ್ರ, ಕೆಳಗೆ "ಒಂದೇ ದಿನದಲ್ಲಿ ಮನೆಗೆ, ಸುಲಭ ಕಂತುಗಳಲ್ಲಿ ಪಾವತಿ".

"ಇದು ಮಾಡಿಸಬಹುದಾ ಡಾಕ್ಟ್ರೇ? ಒಟ್ಟು ಎಷ್ಟಾಗಬಹುದು?"

ಮಗಳು ಮಾತಾಡಲಿಲ್ಲ. ಹೆಣ್ಣು ನೋಡಲು ಬಂದವರಲ್ಲಿ ಯಾರೋ ಒಬ್ಬರು "ಹುಡುಗಿ ಸ್ವಲ್ಪ ದಪ್ಪ ಆಯ್ತು" ಎಂದು ಅಂದಿದ್ದರಂತೆ. ಇದು ನನಗೆ ತಿಳಿದದ್ದು ಎರಡನೆಯ ಭೇಟಿಯಲ್ಲಿ. ಅಷ್ಟರಲ್ಲಿ ಆ ಮನೆಯವರು ಜಾಹೀರಾತಿನ ನಂಬರಿಗೆ 5,000 ರೂಪಾಯಿ ಮುಂಗಡವನ್ನೂ ಕಳಿಸಿಯಾಗಿತ್ತು.

ನಾನು ಯುನಾನಿ ವೈದ್ಯ. ಈ ಶಸ್ತ್ರಚಿಕಿತ್ಸೆ ಮಾಡುವುದು ನನ್ನ ಪದವಿಯ ಕೆಲಸವಲ್ಲ, ಮಾಡುವವರ ಬಗ್ಗೆ ನನಗೆ ಹಗೆಯೂ ಇಲ್ಲ. ಆದರೆ ಒಂದೆರಡು ವರ್ಷಗಳಿಂದ ಪುತ್ತೂರು, ಸುಳ್ಯ, ಕಡಬದ ಮನೆಗಳಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಮದುವೆಗೆ ಮುಂಚಿನ ಹೆಣ್ಣುಮಕ್ಕಳು, ಎರಡು ಮೂರು ಹೆರಿಗೆಯಾದ ತಾಯಂದಿರು, ಗಲ್ಫಿನಿಂದ ರಜೆಯಲ್ಲಿ ಬಂದ ಯುವಕರು, ಎಲ್ಲರದೂ ಒಂದೇ ಪ್ರಶ್ನೆ: ಎಷ್ಟಾಗುತ್ತದೆ? ಅದಕ್ಕೆ ಉತ್ತರ ಹೇಳಬೇಕಾದರೆ ಮೊದಲು ಈ ಚಿಕಿತ್ಸೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ತಿಳಿಯಬೇಕು.

ಹೀರಿ ತೆಗೆಯುವುದು ಯಾವ ಕೊಬ್ಬನ್ನು?

ಲೈಪೋಸಕ್ಷನ್ ಎಂದರೆ ಚರ್ಮದಲ್ಲಿ ಕೆಲವು ಮಿಲಿಮೀಟರಿನ ರಂಧ್ರ ಮಾಡಿ, ತೆಳುವಾದ ಟೊಳ್ಳು ಕೊಳವೆಯನ್ನು ಒಳಗೆ ತೂರಿಸಿ, ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ಹೊರತೆಗೆಯುವುದು. ಇದರ ಇತಿಹಾಸ ಒಂದು ದುರಂತದಿಂದ ಶುರುವಾಗುತ್ತದೆ. 1920ರ ದಶಕದಲ್ಲಿ ಫ್ರಾನ್ಸಿನ ಚಾರ್ಲ್ಸ್ ದುಜಾರಿಯೆ ಎಂಬ ಶಸ್ತ್ರವೈದ್ಯ ಒಬ್ಬ ನರ್ತಕಿಯ ಕಾಲಿನ ಕೊಬ್ಬನ್ನು ಕೆರೆದು ತೆಗೆಯಲು ಹೋದರು. ಕಾಲು ಕೊಳೆತು, ಕೊನೆಗೆ ಅದನ್ನೇ ಕತ್ತರಿಸಬೇಕಾಯಿತು. ಆಮೇಲೆ ಬಹುಕಾಲ ಯಾರೂ ಆ ಕಡೆ ಸುಳಿಯಲಿಲ್ಲ. 1970ರ ದಶಕದಲ್ಲಿ ಇಟಲಿಯ ಫಿಷರ್ ತಂದೆ ಮಗ, ನಂತರ ಪ್ಯಾರಿಸ್ಸಿನ ಇಲ್ಲೂಜ್ ಕೊಳವೆಯ ವಿಧಾನವನ್ನು ರೂಪಿಸಿದರು. 1980ರ ದಶಕದಲ್ಲಿ ಅಮೆರಿಕದ ಜೆಫ್ರಿ ಕ್ಲೈನ್ ಎಂಬ ಚರ್ಮವೈದ್ಯರು ಉಪ್ಪುನೀರಿನಲ್ಲಿ ಮರಗಟ್ಟಿಸುವ ಔಷಧಿ ಮತ್ತು ಅಡ್ರಿನಾಲಿನ್ ಬೆರೆಸಿ ಕೊಬ್ಬಿನೊಳಗೆ ತುಂಬುವ ಕ್ರಮ ತಂದ ಮೇಲೆ ರಕ್ತ ಹೋಗುವುದು ಬಹಳ ಕಡಿಮೆಯಾಯಿತು. ಇಂದು ಎಲ್ಲೆಡೆ ನಡೆಯುವುದು ಹೆಚ್ಚುಕಡಿಮೆ ಇದೇ. ಲೇಸರ್, ವೇಸರ್ ಎಂಬ ಹೆಸರುಗಳೆಲ್ಲ ಅದರ ಮೇಲಿನ ಸೇರ್ಪಡೆಗಳು. ಹೆಸರು ಉದ್ದವಾದಷ್ಟು ದರವೂ ಏರುತ್ತದೆ.

ನಮ್ಮ ಹೊಟ್ಟೆಯಲ್ಲಿ ಕೊಬ್ಬು ಎರಡು ಕಡೆ ಇರುತ್ತದೆ. ಒಂದು ಚರ್ಮದ ಅಡಿಯಲ್ಲಿ. ಬೆರಳಿನಲ್ಲಿ ಚಿವುಟಿದರೆ ಕೈಗೆ ಸಿಗುತ್ತದೆ. ಇನ್ನೊಂದು ಹೊಟ್ಟೆಯ ಸ್ನಾಯುವಿನ ಒಳಗೆ, ಕರುಳು ಮತ್ತು ಯಕೃತ್ತಿನ ಸುತ್ತ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆಗೆ ಹೆಚ್ಚು ಕಾರಣವಾಗುವುದು ಈ ಒಳಗಿನ ಕೊಬ್ಬು. ಕೊಳವೆ ಅಲ್ಲಿಗೆ ಹೋಗುವುದಿಲ್ಲ, ಹೋಗಲೂಬಾರದು. ನಮ್ಮೂರ ಗಂಡಸರ ಗಟ್ಟಿಯಾದ ಗುಂಡು ಹೊಟ್ಟೆ ಬಹುಪಾಲು ಈ ಒಳಕೊಬ್ಬಿನದು. ಅವರಿಗೆ ಲೈಪೋಸಕ್ಷನ್ ಮಾಡಿಸಿದರೆ ದುಡ್ಡು ಹೋಗುತ್ತದೆ, ಹೊಟ್ಟೆ ಉಳಿಯುತ್ತದೆ.

2004ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಬೊಜ್ಜಿನ 15 ಮಹಿಳೆಯರ ಹೊಟ್ಟೆಯಿಂದ ಸುಮಾರು 10 ಕಿಲೋ ಕೊಬ್ಬು ತೆಗೆದು, ಹತ್ತರಿಂದ ಹನ್ನೆರಡು ವಾರ ಬಿಟ್ಟು ಪರೀಕ್ಷೆ ಮಾಡಿದರು. ಇನ್ಸುಲಿನ್ ಕೆಲಸ ಮಾಡುವ ರೀತಿ, ರಕ್ತದೊತ್ತಡ, ಕೊಲೆಸ್ಟರಾಲ್ ಯಾವುದೂ ಸುಧಾರಿಸಿರಲಿಲ್ಲ. ಅದೇ 10 ಕಿಲೋವನ್ನು ಊಟ ಮತ್ತು ನಡಿಗೆಯಿಂದ ಇಳಿಸಿದ್ದರೆ ಈ ಮೂರೂ ಸುಧಾರಿಸುತ್ತಿದ್ದವು. "ಶುಗರ್ ಇದೆ, ಕೊಬ್ಬು ತೆಗೆಸಿದರೆ ಹೋಗುತ್ತದಾ" ಎಂದು ಕೇಳುವವರಿಗೆ ನಾನು ಹೇಳುವುದು ಇದನ್ನೇ.

2011ರಲ್ಲಿ ಕೊಲರಾಡೊದ ಸಂಶೋಧಕರು ಮತ್ತೊಂದು ವಿಷಯ ತೋರಿಸಿದರು. ಬೊಜ್ಜಿಲ್ಲದ ಮಹಿಳೆಯರ ತೊಡೆ, ಸೊಂಟದ ಭಾಗದಿಂದ ಕೊಬ್ಬು ತೆಗೆದಾಗ, ಒಂದು ವರ್ಷದೊಳಗೆ ದೇಹದ ಒಟ್ಟು ಕೊಬ್ಬು ಹಿಂದಿನಷ್ಟೇ ಆಯಿತು. ತೆಗೆದ ತೊಡೆಗೆ ಬರಲಿಲ್ಲ. ಹೊಟ್ಟೆಯ ಕಡೆ ಬಂದು ಕೂತಿತು. ಊಟ ಮತ್ತು ಓಡಾಟ ಹಾಗೇ ಇದ್ದರೆ ದೇಹ ತನ್ನ ಲೆಕ್ಕ ಸರಿಮಾಡಿಕೊಳ್ಳುತ್ತದೆ.

ಹಾಗಾದರೆ ಇದು ಯಾರಿಗೆ? ತೂಕ ಹೆಚ್ಚುಕಡಿಮೆ ಸರಿಯಾಗಿದ್ದು, ಆರೋಗ್ಯ ಚೆನ್ನಾಗಿದ್ದು, ಎಷ್ಟು ಪ್ರಯತ್ನಿಸಿದರೂ ಒಂದು ಜಾಗದಲ್ಲಿ ಮಾತ್ರ ಕರಗದ ಕೊಬ್ಬು ಉಳಿದವರಿಗೆ. ಇದು ಆಕಾರ ತಿದ್ದುವ ಕೆಲಸ, ತೂಕ ಇಳಿಸುವ ಕೆಲಸವಲ್ಲ. ಹೊರತೆಗೆದ ಒಟ್ಟು ದ್ರವ ಮತ್ತು ಕೊಬ್ಬು ಸೇರಿ 5 ಲೀಟರ್ ಮೀರಿದರೆ ಅದನ್ನು ದೊಡ್ಡ ಪ್ರಮಾಣದ ಶಸ್ತ್ರಚಿಕಿತ್ಸೆ ಎಂದು ಪರಿಗಣಿಸಿ ಆಸ್ಪತ್ರೆಯಲ್ಲಿ ಉಳಿಸಿಕೊಂಡು ನೋಡಿಕೊಳ್ಳಬೇಕಾಗುತ್ತದೆ. 3 ಲೀಟರ್ ತೆಗೆದರೆ ಅದರಲ್ಲಿ ತುಂಬಿದ ನೀರೂ ಸೇರಿರುವುದರಿಂದ ನಿಜವಾದ ಕೊಬ್ಬು ಎರಡೂವರೆ ಕಿಲೋ ಆದರೆ ಹೆಚ್ಚು. ಊತದ ಕಾರಣ ಮೊದಲ ವಾರ ತೂಕದ ಯಂತ್ರ ಕೆಳಗಿಳಿಯುವ ಬದಲು ಮೇಲೇರುವುದೂ ಉಂಟು. ಇಷ್ಟನ್ನು ಜಾಹೀರಾತಿನಲ್ಲಿ ಬರೆದರೆ ಫೋನ್ ಬರುವುದು ಕಡಿಮೆಯಾದೀತು.

ಲಿಪಿಡೀಮಾ ಎಂಬ ಕಾಯಿಲೆಯಲ್ಲಿ ಕಾಲುಗಳಲ್ಲಿ ನೋವಿನ ಕೊಬ್ಬು ತುಂಬಿಕೊಳ್ಳುತ್ತದೆ. ಅಂಥವರಿಗೆ ಇದು ನಿಜವಾದ ಚಿಕಿತ್ಸೆಯೇ. ಹಾಗೆಯೇ ತೂಕ ಅತಿಯಾಗಿ ಸಕ್ಕರೆ ಕಾಯಿಲೆಯೂ ಇರುವವರಿಗೆ ಜಠರದ ಮೇಲೆ ಮಾಡುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಬೇರೆಯದೇ ವಿಷಯ. ಎರಡನ್ನೂ ಒಂದೇ ಎಂದು ತಿಳಿಯಬೇಡಿ.

ಹೆರಿಗೆಯ ನಂತರದ ಹೊಟ್ಟೆ

ತಾಯಂದಿರ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನಲ್ಲಿಗೆ "ಹೊಟ್ಟೆ ತೆಗೆಸಬೇಕು" ಎಂದು ಬರುವ ಮಹಿಳೆಯರಲ್ಲಿ ಅನೇಕರಿಗೆ ಇರುವುದು ಕೊಬ್ಬಿನ ತೊಂದರೆಯೇ ಅಲ್ಲ. ಗರ್ಭದಲ್ಲಿ ಮಗು ಬೆಳೆದಂತೆ ಹೊಟ್ಟೆಯ ನಡುವಿನ ಎರಡು ಸ್ನಾಯುಪಟ್ಟಿಗಳು ಎಡಬಲಕ್ಕೆ ಸರಿಯುತ್ತವೆ. ಹೆರಿಗೆಯ ನಂತರ ಕೆಲವರಲ್ಲಿ ಅವು ಮತ್ತೆ ಹತ್ತಿರ ಬರುವುದಿಲ್ಲ. ಆಗ ತೆಳ್ಳಗಿನ ಹೆಂಗಸಿಗೂ ಐದು ತಿಂಗಳ ಬಸುರಿಯಂತೆ ಹೊಟ್ಟೆ ಕಾಣುತ್ತದೆ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಅಂಗಾತ ಮಲಗಿ, ಮಂಡಿ ಮಡಚಿ, ತಲೆಯನ್ನು ಸ್ವಲ್ಪ ಎತ್ತಿ ಹೊಕ್ಕುಳಿನ ಮೇಲೆ ಕೆಳಗೆ ಬೆರಳುಗಳನ್ನು ಅಡ್ಡಲಾಗಿ ಒತ್ತಿ ನೋಡಿ. ನಡುವೆ ಎರಡು ಬೆರಳಿಗಿಂತ ಹೆಚ್ಚು ಅಗಲದ ಮೆತ್ತನೆಯ ಸೀಳು ಸಿಕ್ಕಿದರೆ ಸ್ನಾಯು ಅಗಲಿದೆ ಎಂದರ್ಥ. ಇದಕ್ಕೆ ಫಿಸಿಯೋಥೆರಪಿಯವರು ಹೇಳಿಕೊಡುವ ವ್ಯಾಯಾಮವಿದೆ, ತೀರಾ ಅಗಲವಾಗಿದ್ದರೆ ಸ್ನಾಯುವನ್ನು ಹೊಲಿಯುವ ಶಸ್ತ್ರಚಿಕಿತ್ಸೆಯಿದೆ. ಕೊಬ್ಬು ಹೀರುವುದರಿಂದ ಇದು ಸರಿಯಾಗುವುದಿಲ್ಲ. ಜೋತುಬಿದ್ದ ಚರ್ಮವೂ ಅಷ್ಟೇ: ಒಳಗಿನ ಕೊಬ್ಬು ತೆಗೆದರೆ ಖಾಲಿ ಚೀಲದಂತೆ ಇನ್ನಷ್ಟು ಜೋಲುತ್ತದೆ. ಹಾಲುಣಿಸುತ್ತಿರುವವರು ಮತ್ತು ಮುಂದೆ ಮಕ್ಕಳು ಬೇಕೆನ್ನುವವರು ಈಗ ಈ ಯೋಚನೆ ಬಿಡುವುದೇ ಲೇಸು. ಹೆರಿಗೆಯಾಗಿ ಕನಿಷ್ಠ ಆರು ತಿಂಗಳಾದರೂ ಕಳೆಯದೆ ದೇಹ ತನ್ನ ಸ್ಥಿತಿಗೆ ಮರಳಿರುವುದಿಲ್ಲ.

ನಲವತ್ತು ದಿನದ ಬಾಣಂತನದಲ್ಲಿ ತುಪ್ಪ, ಬೆಲ್ಲ, ಲೇಹ್ಯ ಎಲ್ಲ ತುಂಬುಪ್ರಮಾಣದಲ್ಲಿ ಕೊಟ್ಟು, ನೆಲಕ್ಕೆ ಕಾಲಿಡಬೇಡ ಎನ್ನುವ ಹಿರಿಯರ ಪ್ರೀತಿಯ ಪಾಲೂ ಇದರಲ್ಲಿದೆ. ಇದನ್ನು ಹೇಳಿದರೆ ನಮ್ಮ ಮನೆಯಲ್ಲೇ ಒಪ್ಪುವುದಿಲ್ಲ.

ಯುವಕರಲ್ಲಿ ಎದೆ ಹೆಣ್ಣಿನಂತೆ ಉಬ್ಬುವುದು ಇನ್ನೊಂದು ಸಾಮಾನ್ಯ ದೂರು. ಸಾವಿರ ವರ್ಷದ ಹಿಂದೆ ಕೊರ್ಡೋಬಾದ ಶಸ್ತ್ರವೈದ್ಯ ಅಲ್ ಝಹ್ರಾವಿ ತಮ್ಮ ತಸ್ರೀಫ್ ಗ್ರಂಥದಲ್ಲಿ ಇದಕ್ಕೆ ಕತ್ತರಿಸಿ ತೆಗೆಯುವ ವಿಧಾನವನ್ನು ಬರೆದಿದ್ದಾರೆ. ಅಂದರೆ ಇದು ಹೊಸ ಸಂಕಟವೇನಲ್ಲ. ಹದಿಹರೆಯದ ಹುಡುಗರಲ್ಲಿ ಬಹುಪಾಲು ಒಂದೆರಡು ವರ್ಷದಲ್ಲಿ ತಾನಾಗಿ ಇಳಿಯುತ್ತದೆ. ಇಳಿಯದಿದ್ದರೆ ಹಾರ್ಮೋನು ಪರೀಕ್ಷೆ ಮಾಡಿಸಬೇಕು. ಜಿಮ್‌ನಲ್ಲಿ ಯಾರೋ ಕೊಟ್ಟ ಸ್ಟೀರಾಯ್ಡ್ ಚುಚ್ಚುಮದ್ದು, ಪುಡಿಗಳನ್ನು ತೆಗೆದುಕೊಂಡಿದ್ದರೆ ವೈದ್ಯರ ಮುಂದೆ ಮುಚ್ಚಿಡಬಾರದು.

ಎಷ್ಟಾಗುತ್ತದೆ?

ಈಗ ದುಡ್ಡಿನ ಮಾತು. ದರ ಹೇಳುವುದು "ಭಾಗ"ದ ಲೆಕ್ಕದಲ್ಲಿ. ಹೊಟ್ಟೆಯ ಮೇಲ್ಭಾಗ ಒಂದು, ಕೆಳಭಾಗ ಒಂದು, ಸೊಂಟದ ಎರಡು ಪಕ್ಕಗಳು ಬೇರೆ. ನಿಮ್ಮ ಮನಸ್ಸಿನಲ್ಲಿ "ಹೊಟ್ಟೆ" ಒಂದೇ, ಅವರ ಪಟ್ಟಿಯಲ್ಲಿ ಮೂರು ನಾಲ್ಕು. ಜಾಹೀರಾತಿನಲ್ಲಿ "ಇಷ್ಟರಿಂದ ಆರಂಭ" ಎಂದಿರುವುದು ಒಂದು ಸಣ್ಣ ಭಾಗಕ್ಕೆ. ಅದರಲ್ಲಿ ಶಸ್ತ್ರವೈದ್ಯರ ಶುಲ್ಕ ಮಾತ್ರವೋ, ಅರಿವಳಿಕೆ ವೈದ್ಯರ ಶುಲ್ಕ, ಆಪರೇಷನ್ ಥಿಯೇಟರ್, ಕೋಣೆ, ಔಷಧಿ, ರಕ್ತಪರೀಕ್ಷೆ, ಇಸಿಜಿ ಎಲ್ಲ ಸೇರಿದೆಯೋ ಎಂದು ಬರಹದಲ್ಲಿ ಕೇಳಿ. ನಂತರ ನಾಲ್ಕರಿಂದ ಆರು ವಾರ ಹಗಲೂ ರಾತ್ರಿ ಹಾಕಿಕೊಳ್ಳಬೇಕಾದ ಬಿಗಿಯುಡುಪು ಒಂದಲ್ಲ, ಎರಡು ಬೇಕು. ಒಂದನ್ನು ತೊಳೆದಾಗ ಇನ್ನೊಂದು. ನಮ್ಮ ಕರಾವಳಿಯ ಸೆಕೆಯಲ್ಲಿ ಅದನ್ನು ತೊಟ್ಟು ಏಪ್ರಿಲ್ ಕಳೆಯುವುದು ಹೇಗೆ ಎಂದು ಯೋಚಿಸಿ.

ತೆರಿಗೆಯನ್ನು ಯಾರೂ ಮೊದಲೇ ಹೇಳುವುದಿಲ್ಲ. ರೋಗಕ್ಕೆ ಕೊಡುವ ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ. ಆದರೆ ಸೌಂದರ್ಯಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆಗೆ 18 ಶೇಕಡ ಇದೆ. ಹುಟ್ಟಿನಿಂದ ಬಂದ ಊನ, ಅಪಘಾತ, ಗಾಯದಿಂದಾದ ವಿಕಾರವನ್ನು ಸರಿಪಡಿಸುವುದಕ್ಕೆ ಮಾತ್ರ ವಿನಾಯಿತಿ. ಉದಾಹರಣೆಗೆ 1 ಲಕ್ಷ ಎಂದು ಹೇಳಿದರೆ, ತೆರಿಗೆ ಸೇರಿಲ್ಲದಿದ್ದಲ್ಲಿ ಕೊಡಬೇಕಾದ್ದು 1 ಲಕ್ಷದ 18 ಸಾವಿರ.

ಆರೋಗ್ಯ ವಿಮೆ ಇದಕ್ಕೆ ಸಿಗುವುದಿಲ್ಲ. ಸೌಂದರ್ಯ ಚಿಕಿತ್ಸೆಯನ್ನು ವಿಮಾ ಪಾಲಿಸಿಗಳು ಸ್ಪಷ್ಟವಾಗಿ ಹೊರಗಿಟ್ಟಿವೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡೂ ನಡೆಯುವುದಿಲ್ಲ. ಶಸ್ತ್ರಚಿಕಿತ್ಸೆಯ ಖರ್ಚು ಸಿಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಅದರಿಂದ ತೊಂದರೆಯಾಗಿ ಐಸಿಯುವಿನಲ್ಲಿ ಹತ್ತು ದಿನ ಮಲಗಬೇಕಾಗಿ ಬಂದರೆ ಆ ಬಿಲ್ಲನ್ನೂ ವಿಮೆಯವರು ನಿರಾಕರಿಸಬಹುದು ಎಂಬುದು ಗೊತ್ತಿರುವುದಿಲ್ಲ. ಗಲ್ಫಿನಲ್ಲಿ ದುಡಿಯುವ ಮಗನ ಉಳಿತಾಯ ಕರಗುವುದು ಅಲ್ಲಿ.

ಇನ್ನು ಕಂತು. "ಬಡ್ಡಿಯಿಲ್ಲದ ಇಎಂಐ" ಎಂಬ ಮಾತು ಕೇಳಿ ನಮ್ಮವರು ಸಮಾಧಾನಪಟ್ಟುಕೊಳ್ಳುತ್ತಾರೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಅದರಲ್ಲಿ ಬಡ್ಡಿಯನ್ನು ಬೇರೆ ಶುಲ್ಕದ ರೂಪದಲ್ಲಿ ಅಡಗಿಸಲಾಗುತ್ತದೆ ಎಂದು ರಿಸರ್ವ್ ಬ್ಯಾಂಕೇ 2013ರಲ್ಲಿ ಬ್ಯಾಂಕುಗಳಿಗೆ ಹೇಳಿತ್ತು. ಬಡ್ಡಿಯಿಂದ ದೂರವಿರಬೇಕೆನ್ನುವವರು ಸಾಲದ ಪತ್ರವನ್ನು ಪೂರ್ತಿ ಓದಿ, ಉಲಮಾಗಳಲ್ಲಿ ಕೇಳಿ ಸಹಿ ಹಾಕಲಿ.

ಶರೀಅತ್‌ನ ಪ್ರಶ್ನೆಯೂ ಬಹಳ ಮಂದಿ ಕೇಳುತ್ತಾರೆ. ಫತ್ವಾ ಕೊಡುವ ಅರ್ಹತೆ ನನಗಿಲ್ಲ. ಜಿದ್ದಾದಲ್ಲಿ ಕೇಂದ್ರವಿರುವ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿ 2007ರ ಜುಲೈನಲ್ಲಿ ಮಲೇಷ್ಯಾದ ಪುತ್ರಜಯದಲ್ಲಿ ಸೇರಿದಾಗ ಈ ವಿಷಯವನ್ನು ಚರ್ಚಿಸಿತ್ತು. ತೂಕವೇ ಒಂದು ರೋಗವಾಗಿದ್ದು, ಬೇರೆ ದಾರಿಯಿಲ್ಲದೆ, ಹಾನಿಯ ಭಯವೂ ಇಲ್ಲದಿದ್ದರೆ ಕೊಬ್ಬು ಹೀರುವುದೂ ಸೇರಿದಂತೆ ಶಸ್ತ್ರಚಿಕಿತ್ಸೆಗೆ ಅನುಮತಿಯಿದೆ ಎಂಬುದು ಅದರ ತೀರ್ಮಾನದ ಸಾರ. ಅಲ್ಲಿನ ಮೂರು ಷರತ್ತುಗಳನ್ನು ವೈದ್ಯನಾಗಿ ನೋಡಿದರೂ ನನಗೆ ತಪ್ಪು ಕಾಣುವುದಿಲ್ಲ. ನಿಮ್ಮ ಮದ್‌ಹಬ್‌ನ ನಿಲುವನ್ನು ನಿಮ್ಮ ಮೊಹಲ್ಲಾದ ಖತೀಬರಲ್ಲಿ ಕೇಳಿ ತಿಳಿಯಿರಿ.

ಬೆಂಗಳೂರಿನ ಆ ಸೋಮವಾರ

2022ರ ಮೇ 16, ಸೋಮವಾರ. ಕನ್ನಡ ಧಾರಾವಾಹಿಗಳಲ್ಲಿ ನಟಿಸುತ್ತಿದ್ದ ಚೇತನಾ ರಾಜ್ ಎಂಬ 21 ವರ್ಷದ ಯುವತಿ ಬೆಂಗಳೂರಿನ ಒಂದು ಕಾಸ್ಮೆಟಿಕ್ ಕೇಂದ್ರದಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ನಂತರ ಉಸಿರಾಟದ ತೊಂದರೆಯಾಯಿತು, ಶ್ವಾಸಕೋಶದಲ್ಲಿ ನೀರು ತುಂಬಿತ್ತು ಎಂದು ಅಂದಿನ ಪತ್ರಿಕೆಗಳು ಬರೆದವು. ಬೇರೊಂದು ಆಸ್ಪತ್ರೆಗೆ ಸಾಗಿಸಿ ಎದೆ ಒತ್ತಿ ಬದುಕಿಸಲು ಯತ್ನಿಸಿದರೂ ಉಳಿಯಲಿಲ್ಲ. ಮನೆಯವರಿಗೆ ಹೇಳದೆ ಸ್ನೇಹಿತರೊಂದಿಗೆ ಹೋಗಿದ್ದರು ಎಂದೂ ವರದಿಯಾಗಿತ್ತು. ಹೆತ್ತವರು ವೈದ್ಯಕೀಯ ನಿರ್ಲಕ್ಷ್ಯದ ಆರೋಪ ಮಾಡಿದರು. 2015ರಲ್ಲಿ ತೆಲುಗು ನಟಿ ಆರ್ತಿ ಅಗರ್ವಾಲ್ ಅಮೆರಿಕದಲ್ಲಿ ತೀರಿಕೊಂಡಾಗಲೂ ಅದಕ್ಕೆ ಕೆಲವು ವಾರ ಮುಂಚೆ ಇದೇ ಚಿಕಿತ್ಸೆಗೆ ಒಳಗಾಗಿದ್ದರು. 2024ರಲ್ಲಿ ನಮ್ಮ ಮಂಗಳೂರಿನಲ್ಲೇ ಒಂದು ಸಣ್ಣ ಕಾಸ್ಮೆಟಿಕ್ ಶಸ್ತ್ರಚಿಕಿತ್ಸೆಗೆಂದು ಹೋದ ಯುವಕನೊಬ್ಬ ಮನೆಗೆ ಮರಳಲಿಲ್ಲ. ಅದು ಲೈಪೋಸಕ್ಷನ್ ಅಲ್ಲ, ಆದರೆ ಹೋದವರ ಮನೆಯವರು "ಅರ್ಧ ಗಂಟೆಯ ಕೆಲಸ" ಎಂದೇ ನಂಬಿದ್ದರು.

ಹೆದರಿಸಲು ಇದನ್ನು ಬರೆಯುತ್ತಿಲ್ಲ. ಸಾವು ಅಪರೂಪ. 1994ರಿಂದ 1998ರವರೆಗೆ ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳನ್ನು ಕೇಳಿ ಮಾಡಿದ ಸಮೀಕ್ಷೆಯಲ್ಲಿ ಸುಮಾರು 5,000 ಶಸ್ತ್ರಚಿಕಿತ್ಸೆಗೆ ಒಂದು ಸಾವು ಕಂಡುಬಂದಿತ್ತು. ಅದರಲ್ಲಿ ಎಲ್ಲಕ್ಕಿಂತ ಹೆಚ್ಚಿನ ಕಾರಣ, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಕಳಚಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡದ್ದು. ಮರಗಟ್ಟಿಸುವ ಔಷಧಿ ಮಿತಿ ಮೀರಿದರೆ ಹೃದಯಕ್ಕೆ ತೊಂದರೆ, ತುಂಬಿದ ನೀರು ಹೆಚ್ಚಾದರೆ ಶ್ವಾಸಕೋಶಕ್ಕೆ ತೊಂದರೆ, ಕೊಳವೆ ದಾರಿ ತಪ್ಪಿದರೆ ಕರುಳಿಗೆ ತೂತು. ಇವೆಲ್ಲ ಆಗಬಹುದಾದವು, ಆಗಲೇಬೇಕಾದವಲ್ಲ. ಆದರೆ ಆದಾಗ ಪಕ್ಕದ ಕೋಣೆಯಲ್ಲಿ ಐಸಿಯು ಇದೆಯೋ, ಅಥವಾ ಆಂಬುಲೆನ್ಸ್ ಕರೆದು ಟ್ರಾಫಿಕ್‌ನಲ್ಲಿ ಕಾಯಬೇಕೋ ಎಂಬುದು ಜೀವದ ಪ್ರಶ್ನೆ.

ಆದ್ದರಿಂದ ದರಕ್ಕಿಂತ ಮೊದಲು ಕೇಳಬೇಕಾದ್ದು: ಮಾಡುವವರು ಯಾರು? ಎಂಬಿಬಿಎಸ್ ಮತ್ತು ಎಂಎಸ್ ನಂತರ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಅದಕ್ಕೆ ಸಮನಾದ ಡಿಎನ್‌ಬಿ ಮಾಡಿರುವವರೋ? ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಏನು? ಅರಿವಳಿಕೆ ತಜ್ಞರು ಶುರುವಿನಿಂದ ಕೊನೆಯವರೆಗೆ ಇರುತ್ತಾರೋ? ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪ್ರತಿ ಕ್ಲಿನಿಕ್, ಆಸ್ಪತ್ರೆ ನೋಂದಣಿ ಮಾಡಿಸಿ ಆ ಪ್ರಮಾಣಪತ್ರವನ್ನೂ ದರಪಟ್ಟಿಯನ್ನೂ ಕಾಣುವಂತೆ ಹಾಕಬೇಕು. ಪ್ರಮಾಣಪತ್ರದಲ್ಲಿ ಅದು ಯಾವ ಬಗೆಯ ಸಂಸ್ಥೆ ಎಂದೂ ನೋಡಿ. ಬರೀ ಸಲಹೆ ಕೊಡುವ ಕ್ಲಿನಿಕ್ ಎಂದು ನೋಂದಣಿಯಾದ ಕಡೆ ಶಸ್ತ್ರಚಿಕಿತ್ಸೆ ಮಾಡುವಂತಿಲ್ಲ. ಕಾಸರಗೋಡು, ಕೋಝಿಕ್ಕೋಡ್ ಕಡೆ ಹೋಗುವವರಿಗೆ ಕೇರಳದಲ್ಲೂ 2018ರಿಂದ ಇಂಥದೇ ಕಾಯ್ದೆಯಿದೆ. ಕೇಳಿದರೆ ಸಿಟ್ಟಾಗುವ ಕೇಂದ್ರವಾದರೆ ಎದ್ದು ಬನ್ನಿ. ಒಳ್ಳೆಯ ಸರ್ಜನ್‌ಗಳು ಈ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರಿಸುತ್ತಾರೆ. "ನಿಮಗೆ ಇದು ಬೇಡ" ಎಂದು ನನ್ನ ಇಬ್ಬರು ರೋಗಿಗಳನ್ನು ಒಬ್ಬ ಪ್ಲಾಸ್ಟಿಕ್ ಸರ್ಜನ್ನರೇ ವಾಪಸ್ ಕಳಿಸಿದ್ದಾರೆ.

ನಮ್ಮ ಮನೆಗಳಿಗೆ ಸಂಬಂಧಿಸಿದ ಕೆಲವು ವಿಷಯಗಳನ್ನು ಸರ್ಜನ್ ತಾವಾಗಿ ಕೇಳದಿರಬಹುದು. ನೀವೇ ಹೇಳಿ. ಕಲೋಂಜಿ ಎಣ್ಣೆ, ಬೆಳ್ಳುಳ್ಳಿಯ ಔಷಧಿ, ಮೀನೆಣ್ಣೆಯ ಗುಳಿಗೆ ದಿನವೂ ತೆಗೆದುಕೊಳ್ಳುತ್ತಿದ್ದರೆ ತಿಳಿಸಿ. ಇವು ರಕ್ತ ಹೆಪ್ಪುಗಟ್ಟುವುದನ್ನು ನಿಧಾನ ಮಾಡಬಹುದು. ನಾನು ಕೊಟ್ಟ ಯುನಾನಿ ಔಷಧಿಯಾದರೂ ಸರಿ, ಚೀಟಿ ತೋರಿಸಿ. ಹತ್ತಿರದ ದಿನಗಳಲ್ಲಿ ಹಿಜಾಮ ಮಾಡಿಸಿದ್ದರೂ ಹೇಳಬೇಕು, ಆ ಜಾಗದ ಚರ್ಮ ಗುಣವಾಗಿರಬೇಕು. ರಂಝಾನ್‌ಗೆ ಮುಂಚಿನ ತಿಂಗಳಲ್ಲಿ ದಿನ ನಿಗದಿ ಮಾಡಬೇಡಿ. ಶಸ್ತ್ರಚಿಕಿತ್ಸೆಯ ನಂತರ ನೀರು ಚೆನ್ನಾಗಿ ಕುಡಿಯಬೇಕು. ಮೊದಲ ಒಂದೆರಡು ದಿನ ರಂಧ್ರಗಳಿಂದ ರಕ್ತ ಬೆರೆತ ನೀರು ಸೋರುತ್ತದೆ, ಬಟ್ಟೆ ಹಾಸಿಗೆ ಒದ್ದೆಯಾಗುತ್ತದೆ. ವುಝೂ, ಗುಸ್ಲ್, ಪಟ್ಟಿಯ ಮೇಲೆ ಸವರುವುದು, ಕೂತು ನಮಾಝ್ ಮಾಡುವುದು ಇವುಗಳ ಬಗ್ಗೆ ಉಸ್ತಾದರಲ್ಲಿ ಮೊದಲೇ ಕೇಳಿಟ್ಟುಕೊಂಡರೆ ಆಮೇಲೆ ಗೊಂದಲವಾಗುವುದಿಲ್ಲ.

ಚಿತ್ರದ ವಿಷಯವನ್ನು ಹೆಣ್ಣುಮಕ್ಕಳ ಹೆತ್ತವರು ಗಮನಿಸಿ. ಶಸ್ತ್ರಚಿಕಿತ್ಸೆಗೆ ಮೊದಲು ರೋಗಿಯನ್ನು ನಿಲ್ಲಿಸಿ ಮೈಮೇಲೆ ಗುರುತು ಹಾಕುತ್ತಾರೆ, ಮೊದಲು ಮತ್ತು ನಂತರದ ಫೋಟೋ ತೆಗೆಯುತ್ತಾರೆ. ದಾಖಲೆಗೆ ಅದು ಬೇಕಾಗುತ್ತದೆ. ಆದರೆ ಒಪ್ಪಿಗೆ ಪತ್ರದ ಯಾವುದೋ ಸಾಲಿನಲ್ಲಿ "ಪ್ರಚಾರಕ್ಕೆ ಬಳಸಬಹುದು" ಎಂದು ಸೇರಿಸಿರುವುದುಂಟು. ಆ ಸಾಲನ್ನು ಪೆನ್ನಿನಿಂದ ಹೊಡೆದು ಸಹಿ ಹಾಕಿ. ಮಹಿಳಾ ಸಿಬ್ಬಂದಿ ಇರಬೇಕೆಂದು ಕೇಳುವುದು ನಿಮ್ಮ ಹಕ್ಕು.

ಪ್ರಯಾಣದ ಬಗ್ಗೆ ನನ್ನದೇ ಒಂದು ಅನುಭವ. ಸುಳ್ಯ ಕಡೆಯ ನಲವತ್ತರ ಆಸುಪಾಸಿನ ಮಹಿಳೆ ಬೆಂಗಳೂರಿನಲ್ಲಿ ಚಿಕಿತ್ಸೆ ಮಾಡಿಸಿಕೊಂಡು, ಮರುದಿನವೇ ರಾತ್ರಿ ಬಸ್ಸಿನಲ್ಲಿ ಘಾಟಿ ಇಳಿದು ಬಂದಿದ್ದರು. ನೋವಿನ ಕಾರಣ ಏಳೆಂಟು ಗಂಟೆ ಕಾಲು ಅಲುಗಾಡಿಸದೆ ಕೂತಿದ್ದರಂತೆ. ಐದನೆಯ ದಿನ ನನ್ನಲ್ಲಿಗೆ ಬಂದು ಎಡಗಾಲಿನ ಮೀನಖಂಡ ಊದಿದೆ, ಹಚ್ಚಲು ಒಂದು ಎಣ್ಣೆ ಕೊಡಿ ಎಂದರು. ಕಾಲು ಬಿಸಿಯಾಗಿತ್ತು, ಒತ್ತಿದರೆ ನೋವು. ಎಣ್ಣೆ ಕೊಟ್ಟು ತಿಕ್ಕಿಸಿದ್ದರೆ ಏನಾಗುತ್ತಿತ್ತೋ. ಆ ಕ್ಷಣವೇ ಕಾರು ಮಾಡಿಸಿ ಮಂಗಳೂರಿಗೆ ಕಳಿಸಿದೆ. ಸ್ಕ್ಯಾನಿಂಗ್‌ನಲ್ಲಿ ರಕ್ತನಾಳದೊಳಗೆ ಹೆಪ್ಪು ಕಂಡಿತು. ತಿಂಗಳುಗಟ್ಟಲೆ ರಕ್ತ ತೆಳುವಾಗಿಸುವ ಮಾತ್ರೆ ತಿಂದರು, ಅಲ್‌ಹಮ್ದುಲಿಲ್ಲಾಹ್ ಈಗ ಚೆನ್ನಾಗಿದ್ದಾರೆ. ದೂರದಲ್ಲಿ ಮಾಡಿಸುವವರು ಸರ್ಜನ್ ಹೇಳುವಷ್ಟು ದಿನ ಅಲ್ಲೇ ಉಳಿಯಬೇಕು. ಆ ವಸತಿಯ ಖರ್ಚೂ ಲೆಕ್ಕದಲ್ಲಿ ಸೇರಬೇಕು. ಒಂದೇ ಕಾಲು ಊದುವುದು, ಏದುಸಿರು, ಎದೆನೋವು, ಜ್ವರ, ಹೊಟ್ಟೆ ಗಟ್ಟಿಯಾಗುವುದು ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದು ಬೇಡ, ನನ್ನಂಥವರ ಕ್ಲಿನಿಕ್ಕೂ ಬೇಡ, ನೇರ ದೊಡ್ಡಾಸ್ಪತ್ರೆಗೆ ಹೋಗಿ.

ನಮ್ಮ ಪದ್ಧತಿ ಏನು ಹೇಳುತ್ತದೆ?

ಯುನಾನಿಯಲ್ಲಿ ಅತಿಬೊಜ್ಜಿಗೆ ಸಿಮನೆ ಮುಫ್ರಿತ್ ಎನ್ನುತ್ತೇವೆ. ಬಲ್ಗಂ ಹೆಚ್ಚಾದ ಶೀತ ಪ್ರಕೃತಿಯ ತೊಂದರೆ ಇದು ಎಂಬುದು ಹಿಂದಿನವರ ವಿವರಣೆ. ಇಬ್ನ್ ಸೀನಾ ಅಲ್ ಕಾನೂನ್‌ನಲ್ಲಿ ಅತಿ ದಪ್ಪಗಿರುವುದರ ಅಪಾಯಗಳನ್ನು ಬರೆದಿದ್ದಾರೆ. ಚಿಕಿತ್ಸೆಯಲ್ಲಿ ಮೊದಲ ಸ್ಥಾನ ಔಷಧಿಗಲ್ಲ, ಆಹಾರ ತಗ್ಗಿಸುವುದಕ್ಕೆ ಮತ್ತು ರಿಯಾಝತ್‌ಗೆ, ಅಂದರೆ ವ್ಯಾಯಾಮಕ್ಕೆ. ನಿದ್ರೆ ಎಚ್ಚರಗಳ ಕ್ರಮವೂ ನಮ್ಮ ಆರು ಮೂಲ ಅಗತ್ಯಗಳಲ್ಲಿ ಸೇರಿದೆ. ಸಫೂಫೆ ಮುಹಝ್ಝಿಲ್‌ನಂಥ ಔಷಧಿಗಳನ್ನು ನಾನು ಕೊಡುವುದುಂಟು. ಆದರೆ ರಾತ್ರಿ ಹನ್ನೊಂದಕ್ಕೆ ಪರೋಟ ತಿಂದು ಬೆಳಿಗ್ಗೆ ಆ ಪುಡಿ ನುಂಗಿದರೆ ಏನೂ ಆಗುವುದಿಲ್ಲ. "ಹದಿನೈದು ದಿನದಲ್ಲಿ ಹತ್ತು ಕಿಲೋ" ಎಂದು ಹಕೀಮರ ಹೆಸರಿನಲ್ಲಿ ಮಾರುವ ಹೆಸರಿಲ್ಲದ ಪುಡಿಗಳನ್ನಂತೂ ಮುಟ್ಟಬೇಡಿ. ಹೃದಯಕ್ಕೆ ಅಪಾಯವೆಂದು ನಮ್ಮ ದೇಶದಲ್ಲಿ 2011ರಲ್ಲಿ ನಿಷೇಧವಾದ ಸಿಬುಟ್ರಮಿನ್ ಎಂಬ ಔಷಧಿ ಇಂಥ ಪುಡಿಗಳಲ್ಲಿ ಕಲಬೆರಕೆಯಾಗಿ ಸಿಕ್ಕಿರುವುದು ಲೋಕದ ಹಲವೆಡೆ ಪತ್ತೆಯಾಗಿದೆ.

ಆ ಕಡಬದ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಎತ್ತರ 158 ಸೆಂಟಿಮೀಟರ್, ತೂಕ 66 ಕಿಲೋ. ಬಿಎಂಐ 26.4. ಭಾರತೀಯರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂಬುದು ಅಳತೆ. ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90ರೊಳಗೆ ಇರಬೇಕು, ಇವಳದು 84. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿತ್ತು. ಅದನ್ನು ತಾಯಿಗೂ ಹೇಳಿರಲಿಲ್ಲ. ಥೈರಾಯ್ಡ್ ಪರೀಕ್ಷೆ ಸರಿ ಬಂತು, ಸ್ಕ್ಯಾನಿಂಗ್‌ನಲ್ಲಿ ಪಿಸಿಒಡಿ ಕಂಡಿತು. ಸ್ತ್ರೀರೋಗ ತಜ್ಞರಲ್ಲಿಗೆ ಕಳಿಸಿದೆ. ಜಾಹೀರಾತಿನ ಕೇಂದ್ರದಲ್ಲಿ ಮುಟ್ಟಿನ ಬಗ್ಗೆ ಯಾರೂ ಕೇಳಿರಲಿಲ್ಲ. ಹೊಟ್ಟೆಯ ಫೋಟೋ ಮಾತ್ರ ಕೇಳಿದ್ದರು.

ಊಟದಲ್ಲಿ ದೊಡ್ಡ ಬದಲಾವಣೆ ಏನೂ ಮಾಡಲಿಲ್ಲ. ಸಂಜೆಯ ಚಹಾದ ಜೊತೆಗಿನ ಬೇಕರಿ ತಿಂಡಿ ನಿಂತಿತು. ರಾತ್ರಿ ಊಟ ಇಶಾಗೆ ಮೊದಲೇ ಮುಗಿಯಬೇಕು, ಅನ್ನ ಅಥವಾ ಪತ್ತಿರ್ ಎರಡರಲ್ಲಿ ಒಂದು, ಮೀನು ಹುರಿಯುವ ಬದಲು ಸಾರು. ನಡಿಗೆಯದೇ ಕಷ್ಟವಾಯಿತು. ನಮ್ಮೂರುಗಳಲ್ಲಿ ಹೆಣ್ಣುಮಕ್ಕಳು ನಡೆಯಲು ಜಾಗವೆಲ್ಲಿದೆ? ಗಂಡಸರಿಗೆ ಮೈದಾನವಿದೆ, ಟರ್ಫ್ ಇದೆ. ಹುಡುಗಿಗೆ ತೆಳ್ಳಗಾಗು ಎನ್ನುವವರು ಅವಳು ರಸ್ತೆಯಲ್ಲಿ ನಡೆದರೆ ತಿರುಗಿ ನೋಡುತ್ತಾರೆ. ಕೊನೆಗೆ ತಾಯಿಯೇ ದಾರಿ ಹುಡುಕಿದರು. ಸುಬ್‌ಹಿ ನಮಾಝಿನ ನಂತರ ತಾಯಿ, ಮಗಳು, ನೆರೆಮನೆಯ ಇಬ್ಬರು ಸೇರಿ ಮನೆ ಹಿಂದಿನ ರಬ್ಬರ್ ತೋಟದ ದಾರಿಯಲ್ಲಿ ಮುಕ್ಕಾಲು ಗಂಟೆ ನಡೆಯತೊಡಗಿದರು. ಮಳೆ ಹಿಡಿದ ಮೇಲೆ ಜಿಗಣೆಯ ಕಾಟಕ್ಕೆ ಅಡಿಕೆ ಅಂಗಳಕ್ಕೆ ಬಂದರು.

ನಿಕಾಹ್‌ನ ಹಿಂದಿನ ವಾರ ಅವಳ ತೂಕ 62. ಮುಟ್ಟು ಎರಡು ಬಾರಿ ಸರಿಯಾಗಿ ಆಗಿತ್ತು. ತಾಯಿಯದೂ ಮೂರು ಕಿಲೋ ಇಳಿದಿತ್ತು, ಅವರ ಶುಗರ್ ಮಾತ್ರೆಯನ್ನು ಅವರ ವೈದ್ಯರು ಅರ್ಧ ಮಾಡಿದರಂತೆ. ಕಳಿಸಿದ್ದ 5,000 ರೂಪಾಯಿ ಮುಂಗಡವನ್ನು ಕೇಳಲು ನಾಲ್ಕು ಸಲ ಫೋನ್ ಮಾಡಿದ್ದಾರೆ. ಒಮ್ಮೆ ಎತ್ತಿ, ಮುಂದಿನ ವಾರ ಎಂದಿದ್ದಾರೆ.